ಕೂಕಟ್‌ಪಲ್ಲಿಗೂ ಚಾಚಿದ್ದ ಎಂಟನೆಯ ಕಲಮು

ಹುಮನಾಬಾದಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಜಹೀರಾಬಾದ್, ಸಂಗಾರೆಡ್ಡಿ, ಮಿಯಾಪುರ ದಾಟಿತೆಂದರೆ ಕೂಕಟ್‌ಪಲ್ಲಿ. ಅವಿಭಜಿತ ಆಂಧ್ರಪ್ರದೇಶದ ಗೃಹ ಮಂಡಳಿ ಕಟ್ಟಿದ ಕೆಪಿಎಚ್‌ಬಿ ಕಾಲನಿ ಇರುವುದು ಇಲ್ಲೇ. ಕೃಷ್ಣಾ, ಗುಂಟೂರು, ಗೋದಾವರಿ ಸೀಮೆಯಿಂದ ಬಂದು ನೆಲೆನಿಂತ ಸಾವಿರಾರು ಕುಟುಂಬಗಳನ್ನು ಹೈದರಾಬಾದಿನವರು ‘ಸೆಟ್ಲರ್’ಗಳೆಂದೇ ಕರೆಯುತ್ತಾರೆ. 2014ರ ಜೂನ್ 2ರಂದು ತೆಲಂಗಾಣ ಹುಟ್ಟಿದಾಗ, ಇಂಥವರ ರಕ್ಷಣೆಗೆಂದೇ ಹೊಸ ರಾಜ್ಯದ ಅಧಿಕಾರಕ್ಕೆ ಅದರ ರಾಜಧಾನಿಯಲ್ಲೇ ಒಂದು ತಡೆ ಬಿತ್ತು.

ಆ ತಡೆ ಆಂಧ್ರಪ್ರದೇಶ ಪುನರ್ವಿಂಗಡಣಾ ಕಾಯ್ದೆಯ ಎಂಟನೆಯ ಕಲಮು. ಹೈದರಾಬಾದ್ ಹತ್ತು ವರ್ಷ ಮೀರದಂತೆ ಎರಡೂ ರಾಜ್ಯಗಳಿಗೆ ರಾಜಧಾನಿಯಾಗಿತ್ತು. ಅಷ್ಟೂ ಕಾಲ ಅಲ್ಲಿನ ನಿವಾಸಿಗಳ ಪ್ರಾಣ, ಸ್ವಾತಂತ್ರ್ಯ, ಆಸ್ತಿಯ ರಕ್ಷಣೆ ರಾಜ್ಯಪಾಲರ ವಿಶೇಷ ಹೊಣೆಯಾಗಿತ್ತು. ಕಾನೂನು ಸುವ್ಯವಸ್ಥೆಯೂ ಅದರಲ್ಲಿ ಸೇರಿತ್ತು. ಮಂತ್ರಿಮಂಡಲವನ್ನು ಕೇಳಬೇಕಿತ್ತು, ಆದರೆ ಕೊನೆಯ ಮಾತು ರಾಜ್ಯಪಾಲರದ್ದೇ ಆಗಿತ್ತು. ಕೂಕಟ್‌ಪಲ್ಲಿ 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ್ದರಿಂದ ಕಲಮು ಇಲ್ಲಿಗೂ ಚಾಚಿತು. ಪೊಲೀಸ್ ವ್ಯವಸ್ಥೆ ರಾಜ್ಯಪಟ್ಟಿಯ ವಿಷಯವೆಂದು ಸಂವಿಧಾನವೇ ಹೇಳಿರುವಾಗ, ಜನ ಆರಿಸಿದ ಸರ್ಕಾರದ ಮೇಲೆ ಕೇಂದ್ರ ನೇಮಿಸಿದವರನ್ನು ಕೂರಿಸಿದ್ದು ರಾಜ್ಯತ್ವಕ್ಕೆ ಬಿದ್ದ ಪೆಟ್ಟೆಂದೇ ನಾನು ನಂಬಿದ್ದೇನೆ.

ಆದರೆ ತಮ್ಮನ್ನು ಹೊರಗಿನವರೆಂದು ದೂರವಿಟ್ಟಾರೆಂಬ ಸೆಟ್ಲರ್‌ಗಳ ಭಯವೂ ಸುಳ್ಳಾಗಿರಲಿಲ್ಲ. ಅದರ ಬೇರು ನಿಜಾಮರ ಕಾಲಕ್ಕೆ ಹೋಗುತ್ತದೆ. 1919ರ ಫರ್ಮಾನಿನ ಪ್ರಕಾರ ಸರ್ಕಾರಿ ನೌಕರಿ ಮುಲ್ಕಿಗಳಿಗೆ, ಅಂದರೆ ಸ್ಥಳೀಯರಿಗೆ. ಹೊರಗಿನಿಂದ ಬಂದವರು ಮುಲ್ಕಿ ಎನಿಸಿಕೊಳ್ಳಲು ಹದಿನೈದು ವರ್ಷ ನೆಲೆಸಿರಬೇಕು. ಆಗ ಬೀದರ, ಕಲಬುರಗಿ, ರಾಯಚೂರುಗಳೂ ಅದೇ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು, ತೆಲಂಗಾಣ ಆಂಧ್ರದ ಜೊತೆ ಸೇರಿತು. ನೌಕರಿಯ ರಕ್ಷಣೆಗೆ ಹಿರಿಯ ನಾಯಕರು ಮಾಡಿಕೊಂಡ ಒಪ್ಪಂದ ಕಾಗದದಲ್ಲೇ ಉಳಿಯಿತೆಂದು 1969ರಲ್ಲಿ ತೆಲಂಗಾಣದ ವಿದ್ಯಾರ್ಥಿಗಳು ಬೀದಿಗಿಳಿದರು. 1972ರಲ್ಲಿ ಸುಪ್ರೀಂ ಕೋರ್ಟ್ ಮುಲ್ಕಿ ನಿಯಮವನ್ನು ಎತ್ತಿಹಿಡಿದಾಗ ಆಂಧ್ರ ಕರಾವಳಿಯಲ್ಲಿ ಪ್ರತ್ಯೇಕ ರಾಜ್ಯ ಕೇಳುವ ‘ಜೈ ಆಂಧ್ರ’ದ ಕೂಗೆದ್ದಿತು. ಮರುವರ್ಷದ ರಾಜಿಯಲ್ಲಿ ಮುಲ್ಕಿ ನಿಯಮ ಹೋಗಿ ಸಂವಿಧಾನದ 371-ಡಿ ವಿಧಿ ಬಂತು. ನಮ್ಮ ಕಲ್ಯಾಣ ಕರ್ನಾಟಕದ 371-ಜೆ ಅದರದೇ ದಾರಿಯಲ್ಲಿ ಬಂದದ್ದು.

2014ರ ಆಗಸ್ಟಿನಲ್ಲಿ ಕೇಂದ್ರ ಗೃಹ ಸಚಿವಾಲಯ ಎಂಟನೆಯ ಕಲಮಿನಂತೆ ನಡೆಯಲು ಪತ್ರ ಬರೆದಾಗ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಇದು ಒಕ್ಕೂಟ ವ್ಯವಸ್ಥೆಗೆ ವಿರುದ್ಧವೆಂದು ಸಿಡಿದೆದ್ದರು. ಅದೇ ತಿಂಗಳ 19ರಂದು ಅವರ ಸರ್ಕಾರ ಒಂದೇ ದಿನದಲ್ಲಿ ನಡೆಸಿದ ಮನೆಮನೆ ಸಮೀಕ್ಷೆ, ತಮ್ಮನ್ನು ಗುರುತಿಸಿ ಬೇರ್ಪಡಿಸುವ ಲೆಕ್ಕವೇ ಎಂಬ ಅಳುಕನ್ನು ಸೆಟ್ಲರ್‌ಗಳಲ್ಲಿ ಹುಟ್ಟಿಸಿತು. 2015ರಲ್ಲಿ ‘ಓಟಿಗೆ ನೋಟು’ ಪ್ರಕರಣ, ತೆಲಂಗಾಣದ ಮೇಲೆ ಫೋನ್ ಕದ್ದಾಲಿಕೆಯ ಆರೋಪ ಭುಗಿಲೆದ್ದಾಗ ಆಂಧ್ರ ಸರ್ಕಾರ ಮತ್ತೆ ಎಂಟನೆಯ ಕಲಮನ್ನು ಮುಂದೆ ಹಿಡಿಯಿತು.

ಗಂಟು ಸಡಿಲವಾದದ್ದು ಮತಪೆಟ್ಟಿಗೆಯಲ್ಲಿ. ಸೆಟ್ಲರ್‌ಗಳ ಓಟು ಬೇಕಾದ ಪಕ್ಷ ಅವರ ಬಾಗಿಲಿಗೆ ಹೋಗಲೇಬೇಕಾಯಿತು. 2016ರ ಪಾಲಿಕೆ ಚುನಾವಣೆಯಲ್ಲಿ 150 ವಾರ್ಡುಗಳ ಪೈಕಿ 99 ಚಂದ್ರಶೇಖರ ರಾವ್ ಅವರ ಟಿಆರ್‌ಎಸ್ ಪಾಲಾದವು. 2014ರಲ್ಲಿ ತೆಲುಗುದೇಶಂನಿಂದ ಕೂಕಟ್‌ಪಲ್ಲಿ ಗೆದ್ದಿದ್ದ ಮಾಧವರಂ ಕೃಷ್ಣರಾವ್ ಟಿಆರ್‌ಎಸ್ ಸೇರಿ, 2018ರಲ್ಲಿ ಎನ್.ಟಿ. ರಾಮರಾವ್ ಅವರ ಮೊಮ್ಮಗಳು ಸುಹಾಸಿನಿಯನ್ನೇ ಇಲ್ಲಿ ಸೋಲಿಸಿದರು. 2024ರ ಜೂನ್ 2ಕ್ಕೆ ಜಂಟಿ ರಾಜಧಾನಿಯ ಅವಧಿ ಮುಗಿದು, ಹೈದರಾಬಾದ್ ತೆಲಂಗಾಣವೊಂದಕ್ಕೇ ರಾಜಧಾನಿಯಾಯಿತು.