ಚಿತ್ರ ನೋಡಿದರೆ ಬ್ಯಾಟರಿ ಬೇಗ ಬರಿದಾಗುವುದೇಕೆ?

ಮಾಧವರಂನಲ್ಲಿ ದುಡಿದು, ಸೆಂಟ್ರಲ್‌ನಿಂದ ರಾತ್ರಿ ರೈಲು ಹಿಡಿದು ಊರಿಗೆ ಹೊರಡುವ ನಮಗೆ ಫೋನೇ ಚಿತ್ರಮಂದಿರ. ಟಿಕೆಟ್ಟೂ ದುಡ್ಡೂ ಅದರಲ್ಲಿಯೇ. ಬೆಂಕಿಯ ಭಯದಿಂದ ರೈಲಿನ ಚಾರ್ಜಿಂಗ್ ಪ್ಲಗ್ಗುಗಳನ್ನು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ನಿಲ್ಲಿಸಲು 2021ರಲ್ಲಿ ರೈಲ್ವೆಯವರು ನಿರ್ಧರಿಸಿದರು. ಆದಕಾರಣ ಬ್ಯಾಟರಿಯ ಲೆಕ್ಕ ತಿಳಿದಿರುವುದು ಮೇಲು.

2005ರಲ್ಲಿ ಬಂದ, ವಿಡಿಯೋ ತೋರಿಸುವ 30 ಜಿಬಿ ಐಪಾಡ್, ಕಂಪನಿಯೇ ಹೇಳಿದಂತೆ, ಹಾಡಿಗಾದರೆ 14 ಗಂಟೆ ಬಾಳುತ್ತಿತ್ತು. ಚಿತ್ರಕ್ಕಾದರೆ 2 ಗಂಟೆ ಮಾತ್ರ. ಹಾಡಿಗೆ ಪರದೆ ಬೆಳಗಬೇಕಾಗಿಲ್ಲ. ಚಿತ್ರಕ್ಕೆ ಪರದೆ ಸದಾ ಬೆಳಗುತ್ತಿರಬೇಕು. ಅಡಕವಾಗಿ ಮಡಿಸಿಟ್ಟ ಬಿಂಬಗಳನ್ನು ಸೆಕೆಂಡಿಗೆ 24ರಂತೆ ಬಿಡಿಸಿ ತೋರಿಸಬೇಕು. ಇಂದಿನ ಫೋನು ಹೆಚ್ಚು ಹೊತ್ತು ಬಾಳಿದರೂ ಕಾರಣ ಅದೇ. ಓಡುವ ರೈಲಿನಲ್ಲಿ ಇನ್ನೊಂದು ಖರ್ಚೂ ಸೇರುತ್ತದೆ: ಸಿಗ್ನಲ್ ಕ್ಷೀಣಿಸಿದಷ್ಟೂ ಟವರಿನ ಸಂಪರ್ಕಕ್ಕೆ ಫೋನು ಹೆಚ್ಚು ಶಕ್ತಿ ವ್ಯಯಿಸುತ್ತದೆ.

ಆದುದರಿಂದ ವಾಚಕರು ಚಿತ್ರವನ್ನು ಹೊರಡುವ ಮೊದಲೇ ಇಳಿಸಿಕೊಳ್ಳಿರಿ. ರೈಲಿನಲ್ಲಿ ಫ್ಲೈಟ್ ಮೋಡ್ ಹಾಕಿ, ಪರದೆಯ ಬೆಳಕು ತಗ್ಗಿಸಿ ನೋಡಿರಿ. ಆಗ ಕರೆ ಬರುವುದಿಲ್ಲವೆಂದು ಮನೆಗೆ ಮುಂಚೆಯೇ ತಿಳಿಸಿರಿ. ಚಾರ್ಜಿಗೆ ಹಾಕಿಕೊಂಡೇ ನೋಡಿ ಫೋನು ಕಾಯುತ್ತಿದ್ದರೆ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಮೂರರಲ್ಲೊಂದು ಪಾಲು ಉಳಿದಾಗ ಚಿತ್ರ ನಿಲ್ಲಿಸಿರಿ. ಟಿಕೆಟ್ಟು ತೋರಿಸುವುದಕ್ಕೂ, ಊರಿನಲ್ಲಿಳಿದು ಮನೆಯವರನ್ನು ಕರೆಯುವುದಕ್ಕೂ ಆ ಪಾಲು ಬೇಕು.