ಮನೆ ಬಾಗಿಲಿಗೆ ಬರುವ ಮರದ ವ್ಯಾಪಾರ: ಚೌಕಾಶಿಗೂ ಒಂದು ಧರ್ಮವಿದೆ



ಮಳೆ ನಿಂತು ಅಂಗಳ ಒಣಗುತ್ತಿದ್ದಂತೆ ಕರಾವಳಿ, ಮಲೆನಾಡಿನ ನಮ್ಮ ಊರುಗಳಲ್ಲಿ ಮರದ ವ್ಯಾಪಾರಿಗಳ ಓಡಾಟ ಶುರುವಾಗುತ್ತದೆ. ಹಿತ್ತಿಲಿನ ಹಲಸು, ಮಾವು, ಹೆಬ್ಬಲಸು, ಮಹಾಗನಿ ಮರವನ್ನು ರಸ್ತೆಯಿಂದಲೇ ನೋಡಿಕೊಂಡು ಬಂದು "ಅಕ್ಕಾ, ಈ ಮರ ಕೊಡ್ತೀರಾ?" ಎಂದು ಕೇಳುತ್ತಾರೆ. ಮಳೆಗಾಲಕ್ಕೆ ಮುಂಚೆ ಗೆಲ್ಲು ಕಡಿದು ಕೊಡುವವರು ಬರುತ್ತಾರೆ. ತೆಂಗಿನಕಾಯಿ ಕೀಳುವವರಂತೂ ವರ್ಷದಲ್ಲಿ ಹಲವು ಸಲ ಬರುತ್ತಾರೆ. ಈ ಮಾತುಕತೆ ಹೆಚ್ಚಾಗಿ ನಡೆಯುವುದು ಹಗಲು ಹೊತ್ತಿನಲ್ಲಿ, ಮನೆಯಲ್ಲಿ ಹೆಂಗಸರು ಮಾತ್ರ ಇರುವಾಗ. ಆದ್ದರಿಂದ ಇದು ನಮ್ಮ ಸಂಘಗಳಲ್ಲಿ ಚರ್ಚೆಯಾಗಬೇಕಾದ ವಿಷಯ.

ಇದರಲ್ಲಿ ಎರಡು ಪ್ರಶ್ನೆಗಳಿವೆ. ನಾವು ಮೋಸ ಹೋಗದೆ ಇರುವುದು ಹೇಗೆ? ನಾವು ಇನ್ನೊಬ್ಬರಿಗೆ ಅನ್ಯಾಯ ಮಾಡದೆ ಇರುವುದು ಹೇಗೆ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ, ಎರಡನೆಯದನ್ನು ಕೇಳುವವರು ಕಮ್ಮಿ.

ಅವಸರ ಮಾಡುವವರ ಹತ್ತಿರ ಜಾಗ್ರತೆ

ಮನೆ ಮನೆಗೆ ಬಂದು ವ್ಯಾಪಾರ ಮಾಡುವುದು ತಪ್ಪಲ್ಲ. ನಮ್ಮ ಸಂಘದ ಸದಸ್ಯರೇ ಫಿನಾಯಿಲ್, ಸಾಬೂನು, ಉಪ್ಪಿನಕಾಯಿ, ಹಪ್ಪಳ ಹಿಡಿದುಕೊಂಡು ಮನೆ ಮನೆಗೆ ಹೋಗುತ್ತಾರೆ. ಬಾಗಿಲು ತಟ್ಟಿದವನೆಲ್ಲ ಮೋಸಗಾರ ಎಂದರೆ ಆ ಮಾತು ನಮಗೂ ತಾಗುತ್ತದೆ. ಆದರೆ ಕೆಲವು ಮಾತುಗಳು ಕಿವಿಗೆ ಬಿದ್ದಾಗ ಸ್ವಲ್ಪ ನಿಲ್ಲಬೇಕು:

"ಲಾರಿ ಇವತ್ತೇ ಈ ಕಡೆ ಬಂದಿದೆ, ನಾಳೆ ಈ ರೇಟು ಸಿಗೋದಿಲ್ಲ."
"ಈ ಮರ ಒಳಗೆ ಟೊಳ್ಳು, ಸೌದೆಗೆ ಮಾತ್ರ ಆಗ್ತದೆ."
"ಇದು ಈ ಮಳೆಗೆ ಮನೆ ಮೇಲೆ ಬೀಳೋದು ಗ್ಯಾರಂಟಿ."

ಇವುಗಳಲ್ಲಿ ಕೆಲವೊಮ್ಮೆ ನಿಜವೂ ಇರುತ್ತದೆ. ನಿಜವಾಗಿದ್ದರೆ ಅದು ನಾಳೆಯೂ ನಿಜವೇ. ಮರ 30 ವರ್ಷ ನಿಂತಿದೆ, ಇನ್ನು ಎರಡು ದಿನ ನಿಲ್ಲುತ್ತದೆ. ಬುಡದ ಮಣ್ಣು ಬಿರುಕು ಬಿಟ್ಟಿದೆಯೇ, ಬೇರು ಎದ್ದಿದೆಯೇ, ಕಾಂಡದಲ್ಲಿ ಪೊಟರೆ ಇದೆಯೇ, ಬುಡದಲ್ಲಿ ಅಣಬೆ ಬರುತ್ತಿದೆಯೇ, ಮರ ಈಚೆಗೆ ಹೆಚ್ಚು ವಾಲಿದೆಯೇ ಎಂದು ನಾವೇ ನೋಡಬಹುದು. ಇವುಗಳಲ್ಲಿ ಏನಾದರೂ ಕಂಡರೆ ತಿಳಿದ ಒಬ್ಬರನ್ನು ಕರೆದು ತೋರಿಸಿ, ತಡ ಮಾಡಬೇಡಿ. ಗೆಲ್ಲು ಕರೆಂಟಿನ ತಂತಿಯ ಹತ್ತಿರ ಇದ್ದರೆ ಯಾರು ಎಷ್ಟು ಧೈರ್ಯ ಹೇಳಿದರೂ ಮೊದಲು ವಿದ್ಯುತ್ ಕಚೇರಿಗೆ ತಿಳಿಸಿ, ಲೈನ್ ಆಫ್ ಮಾಡಿಸಿದ ಮೇಲೆಯೇ ಕೆಲಸ ಆಗಲಿ.

ಬೈಬಲಿನ ಜ್ಞಾನೋಕ್ತಿಗಳ ಗ್ರಂಥದಲ್ಲಿ, 20ನೇ ಅಧ್ಯಾಯದಲ್ಲಿ, ಇಂಥ ವ್ಯಾಪಾರದ ಬಗ್ಗೆ ಒಂದು ಮಾತಿದೆ. ಕೊಳ್ಳುವವನು ಎದುರಿಗೆ ನಿಂತು ವಸ್ತು ಚೆನ್ನಾಗಿಲ್ಲ ಎಂದು ಹಳಿಯುತ್ತಾನೆ, ಕೊಂಡು ಹೋದ ಮೇಲೆ ತನ್ನ ಜಾಣತನವನ್ನು ಕೊಚ್ಚಿಕೊಳ್ಳುತ್ತಾನೆ ಎಂಬುದು ಅದರ ತಾತ್ಪರ್ಯ. ಸಾವಿರಾರು ವರ್ಷಗಳ ಹಿಂದಿನ ಮಾತಾದರೂ ನಿನ್ನೆ ನಮ್ಮ ಗೇಟಿನ ಹತ್ತಿರ ನಡೆದ ಹಾಗಿದೆ.

ಮರದ ಅಳತೆ ನಮಗೂ ಗೊತ್ತಿರಲಿ

ವ್ಯಾಪಾರಿಗೆ ಲೆಕ್ಕ ಗೊತ್ತು, ನಮಗೆ ಗೊತ್ತಿಲ್ಲ. ಬೆಲೆ ಇಳಿಯುವುದು ಹೆಚ್ಚಾಗಿ ಇದರಿಂದಲೇ. ಲೆಕ್ಕ ಕಷ್ಟದ್ದಲ್ಲ, ಬಟ್ಟೆ ಹೊಲಿಯುವ ಟೇಪು ಸಾಕು.

ದಿಮ್ಮಿಯ ನಡು ಭಾಗದಲ್ಲಿ ಸುತ್ತಳತೆಯನ್ನು ಇಂಚಿನಲ್ಲಿ ತೆಗೆಯಿರಿ. ಅದನ್ನು 4ರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ. ಅದನ್ನು ದಿಮ್ಮಿಯ ಉದ್ದದಿಂದ (ಅಡಿಯಲ್ಲಿ) ಗುಣಿಸಿ, 144ರಿಂದ ಭಾಗಿಸಿ. ಸಿಗುವುದು ಘನ ಅಡಿ. ವ್ಯಾಪಾರಿಗಳು ಸುಮ್ಮನೆ "ಅಡಿ" ಎನ್ನುವುದು ಇದನ್ನೇ.

ಉದಾಹರಣೆಗೆ, ಸುತ್ತಳತೆ 60 ಇಂಚು, ಉದ್ದ 10 ಅಡಿ ಇರುವ ಹಲಸಿನ ದಿಮ್ಮಿ. 60ನ್ನು 4ರಿಂದ ಭಾಗಿಸಿದರೆ 15. ಹದಿನೈದು ಹದಿನೈದಲೆ 225. ಉದ್ದ 10ರಿಂದ ಗುಣಿಸಿದರೆ 2250. 144ರಿಂದ ಭಾಗಿಸಿದರೆ ಸುಮಾರು 15.6 ಘನ ಅಡಿ.

ಅದೇ ದಿಮ್ಮಿಯ ಸುತ್ತಳತೆಯನ್ನು 60ರ ಬದಲು 56 ಇಂಚು ಎಂದು ಓದಿದರೆ? ಲೆಕ್ಕ 13.6 ಘನ ಅಡಿಗೆ ಇಳಿಯುತ್ತದೆ. ಟೇಪಿನಲ್ಲಿ ನಾಲ್ಕು ಇಂಚು ಹೋದರೆ ಎರಡು ಅಡಿ ಮರ ಹೋಯಿತು. ಲೆಕ್ಕಕ್ಕಾಗಿ ಅಡಿಗೆ ರೂ. 1,000 ಎಂದು ಇಟ್ಟುಕೊಂಡರೂ ರೂ. 2,000 ನಷ್ಟ. ಆದ್ದರಿಂದ ಟೇಪಿನ ಒಂದು ತುದಿ ನಮ್ಮ ಕೈಯಲ್ಲಿರಲಿ.

ಇನ್ನೊಂದು ವಿಷಯ. ಈ ಪದ್ಧತಿಯಲ್ಲಿ ಬರುವ ಲೆಕ್ಕ ದುಂಡು ದಿಮ್ಮಿಯ ನಿಜವಾದ ಗಾತ್ರಕ್ಕಿಂತ ಐದನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚೇ ಕಮ್ಮಿ ಇರುತ್ತದೆ. ತೊಗಟೆ, ಗರಗಸದ ಹುಡಿ, ಪಕ್ಕದ ಚೂರುಗಳಿಗೆ ಅಲ್ಲಿಯೇ ವಿನಾಯಿತಿ ಕೊಟ್ಟ ಹಾಗಾಯಿತು. ಆಮೇಲೆ "ವೇಸ್ಟೇಜು" ಎಂದು ಮತ್ತೊಮ್ಮೆ ಕಳೆಯಲು ಬಂದರೆ ಯಾಕೆ ಎಂದು ಕೇಳುವ ಹಕ್ಕು ನಮಗಿದೆ.

ವ್ಯಾಪಾರಿಯ ಖರ್ಚನ್ನೂ ನಾವು ಒಪ್ಪಬೇಕು. ಕಡಿಯುವ ಕೂಲಿ, ದಿಮ್ಮಿ ಎಳೆಯುವುದು, ಲಾರಿ ಬಾಡಿಗೆ, ಕಾಗದಪತ್ರ ಎಲ್ಲ ಅವನದೇ ಆದರೆ ಸಾಮಿಲ್ಲಿನ ಪೂರ್ತಿ ದರ ನಮಗೆ ಸಿಗುವುದಿಲ್ಲ. ಅವನ ನ್ಯಾಯವಾದ ಲಾಭವನ್ನೂ ಬಿಟ್ಟುಕೊಡಬೇಕು. ಆದರೆ ಸಾಮಿಲ್ಲಿನ ದರ ಎಷ್ಟು ಎಂಬುದು ಮಾತುಕತೆಗೆ ಮೊದಲೇ ನಮಗೆ ಗೊತ್ತಿರಬೇಕು. ಮರ ನಿಂತರೆ ಸಿಗುವ ಹಣ್ಣು, ನೆರಳು, ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಇವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೆಲವೊಮ್ಮೆ ಮಾರದೆ ಇರುವುದೇ ಲಾಭ.

ನಮ್ಮ ಮರವಾದರೂ ಅನುಮತಿ ಬೇಕು

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ತೆಂಗು, ಸಿಲ್ವರ್ ಓಕ್, ಗಾಳಿ, ನೀಲಗಿರಿ, ರಬ್ಬರ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಈ ಪಟ್ಟಿ ತಿದ್ದುಪಡಿಯಾಗುತ್ತ ಬಂದಿರುವುದರಿಂದ ನಿಮ್ಮ ಮರದ ಹೆಸರು ಹೇಳಿ ಹತ್ತಿರದ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಸರ್ಕಾರದಿಂದ ಮಂಜೂರಾದ ಜಮೀನಾಗಿದ್ದರೆ ಬೀಟೆಯಂಥ ಮರಗಳ ಮೇಲೆ ಸರ್ಕಾರದ ಹಕ್ಕು ಇರಬಹುದು, ಅದನ್ನೂ ಕೇಳಿಕೊಳ್ಳಿ. ಶ್ರೀಗಂಧ 2001ರ ತಿದ್ದುಪಡಿಯ ನಂತರ ಜಮೀನಿನ ಮಾಲೀಕರದ್ದೇ ಆದರೂ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ.

"ಪರ್ಮಿಟ್ ಎಲ್ಲ ನಾವು ನೋಡ್ಕೊಳ್ತೇವೆ ಅಕ್ಕಾ" ಎಂದರೆ, ಆ ಕಾಗದ ಕಣ್ಣಿಗೆ ಕಂಡ ಮೇಲೆಯೇ ಕೊಡಲಿ ಬೀಳಲಿ. ದಿಮ್ಮಿ ಲಾರಿ ಹತ್ತಿ ಹೋಗುತ್ತದೆ, ಬುಡ ನಮ್ಮ ಹಿತ್ತಿಲಿನಲ್ಲೇ ಉಳಿಯುತ್ತದೆ. ವಿಚಾರಣೆಗೆ ಬಂದವರು ಮೊದಲು ಬರುವುದು ಅಲ್ಲಿಗೇ. ಕಡಿದ ಮರಕ್ಕೆ ಬದಲಾಗಿ ಗಿಡ ನೆಡಬೇಕೆಂದೂ ಈ ಕಾಯ್ದೆ ಹೇಳುತ್ತದೆ. ಕಾನೂನಿಗಾಗಿ ಅಲ್ಲದಿದ್ದರೂ ಮಕ್ಕಳಿಗಾಗಿ ನೆಡೋಣ.

ಮಾರುವವರ ಧರ್ಮ

ಸತ್ಯ ವ್ಯಾಪಾರಿಗೆ ಮಾತ್ರ ಅಲ್ಲ, ನಮಗೂ ಬೇಕು. ಬೇಲಿಯ ತಂತಿ ಕಟ್ಟಲು, ಬಟ್ಟೆ ಹಗ್ಗ ಕಟ್ಟಲು ಮರಕ್ಕೆ ಹೊಡೆದ ಮೊಳೆ ವರ್ಷಗಳಲ್ಲಿ ಕಾಂಡದ ಒಳಗೆ ಹೂತು ಹೋಗಿರುತ್ತದೆ. ಗರಗಸ ಅದಕ್ಕೆ ತಾಗಿದರೆ ಬ್ಲೇಡು ತುಂಡಾಗಿ ಕೆಲಸಗಾರನ ಕಣ್ಣಿಗೋ ಕೈಗೋ ಬೀಳಬಹುದು. ಎಲ್ಲಿ ಮೊಳೆ ಇದೆ, ಎಲ್ಲಿ ಪೊಟರೆ ಇದೆ ಎಂದು ಗೊತ್ತಿದ್ದರೆ ಮೊದಲೇ ಹೇಳಿಬಿಡಿ. ಬೆಲೆ ಸ್ವಲ್ಪ ಇಳಿಯಬಹುದು, ಒಬ್ಬರ ಕಣ್ಣು ಉಳಿಯುತ್ತದೆ. ಹಾಗೆಯೇ ಒಬ್ಬರಿಂದ ಮುಂಗಡ ತೆಗೆದುಕೊಂಡ ಮೇಲೆ ಇನ್ನೊಬ್ಬರು ಹೆಚ್ಚು ಹೇಳಿದರೆಂದು ಮಾತು ಬದಲಿಸುವುದು, "ನಿನ್ನೆ ಒಬ್ಬರು ಇಪ್ಪತ್ತು ಸಾವಿರ ಕೇಳಿದ್ರು" ಎಂದು ಇಲ್ಲದ ಗಿರಾಕಿಯನ್ನು ಸೃಷ್ಟಿಸುವುದು ಸರಿಯಲ್ಲ.

ಮರ ಹತ್ತುವವರ ಜೊತೆ ಚೌಕಾಶಿ

ವ್ಯಾಪಾರಿಯ ಎದುರು ನಾವು ಬಲಹೀನರು. ಆದರೆ ತೆಂಗಿನ ಮರ ಹತ್ತುವವರ ಎದುರು ನಾವೇ ಬಲಶಾಲಿಗಳು. ನಮ್ಮ ನ್ಯಾಯಬುದ್ಧಿ ಪರೀಕ್ಷೆಗೆ ಒಳಗಾಗುವುದು ಇಲ್ಲಿ.

ಮರಕ್ಕೆ ಇಷ್ಟು ಎಂದು ಅವರು ಕೇಳುವ ದುಡ್ಡು ಹತ್ತು ನಿಮಿಷದ ಕೆಲಸಕ್ಕೆ ಜಾಸ್ತಿ ಎಂದು ನಮಗೆ ಕಾಣುತ್ತದೆ. ಆದರೆ ಆ ದುಡ್ಡಿನಲ್ಲಿ ಹತ್ತಲಾಗದ ಮಳೆಯ ದಿನಗಳ ಊಟವೂ ಸೇರಿದೆ. ಬಿದ್ದರೆ ಸೊಂಟ ಮುರಿಯುವ ಅಪಾಯ ಸೇರಿದೆ. ವಯಸ್ಸಾಗುತ್ತಿದ್ದಂತೆ ಈ ಕೆಲಸ ಕೈಬಿಡಬೇಕಾಗುತ್ತದೆ ಎಂಬ ಚಿಂತೆಯೂ ಸೇರಿದೆ. ನಮ್ಮ ಸಂಘಗಳಲ್ಲಿ ಗಂಡನೋ ಅಣ್ಣನೋ ಈ ಕೆಲಸ ಮಾಡುವ ಸಹೋದರಿಯರು ಇದ್ದಾರೆ, ಅವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲಿ ಕಾರ್ಮಿಕರ ಬಗ್ಗೆ ಬರೆದ 'ರೇರುಮ್ ನೊವಾರುಮ್' ಎಂಬ ಪತ್ರದಲ್ಲಿ ಒಂದು ಮುಖ್ಯ ವಿಚಾರ ಹೇಳಿದ್ದಾರೆ. ಕೂಲಿಯವನು ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ. ಬೇರೆ ದಾರಿಯಿಲ್ಲದೆ ಒಪ್ಪಿದ್ದರೆ ಅದು ಒಪ್ಪಿಗೆಯಲ್ಲ, ಒತ್ತಾಯ. ಮಗುವಿನ ಫೀಸಿಗಾಗಿ ಅರ್ಧ ಬೆಲೆಗೆ ಹಲಸಿನ ಮರ ಕೊಡುವ ತಾಯಿಗೂ, ಅಕ್ಕಿಗಾಗಿ ಅರ್ಧ ಕೂಲಿಗೆ ತೆಂಗಿನ ಮರ ಹತ್ತುವವನಿಗೂ ಈ ಮಾತು ಅನ್ವಯಿಸುತ್ತದೆ.

ಆದ್ದರಿಂದ ಈ ನಾಲ್ಕು ನಿಯಮಗಳನ್ನು ಪಾಲಿಸೋಣ:

1. ಚೌಕಾಶಿ ಏನಿದ್ದರೂ ಮರ ಹತ್ತುವ ಮುಂಚೆ. ಇಳಿದ ಮೇಲೆ "ಕಾಯಿ ಕಮ್ಮಿ ಬಂತು" ಎಂದು ಕೂಲಿ ಕಡಿಯಬಾರದು.
2. ಯಾವ ಯಾವ ಕೆಲಸ ಎಂದು ಮೊದಲೇ ಹೇಳಬೇಕು. ಕಾಯಿ ಕೀಳುವುದು ಮಾತ್ರವೇ, ಒಣಗಿದ ಗರಿ ತೆಗೆಯುವುದೂ ಇದೆಯೇ, ಕಾಯಿ ಹೆಕ್ಕಿ ರಾಶಿ ಹಾಕುವುದೂ ಇದೆಯೇ?
3. ಮರ ಒದ್ದೆಯಿದ್ದರೆ, ಗಾಳಿ ಇದ್ದರೆ ಹತ್ತಿಸಬಾರದು.
4. ಕೂಲಿ ಅದೇ ದಿನ ಕೈಗೆ ಕೊಡಬೇಕು. ಕೂಲಿಯವನ ದುಡ್ಡು ರಾತ್ರಿ ಕಳೆಯುವವರೆಗೆ ನಮ್ಮ ಹತ್ತಿರ ಉಳಿಯಬಾರದೆಂದು ಯಾಜಕಕಾಂಡದಲ್ಲೂ ಹೇಳಿದೆ.

ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿ ಆರಂಭಿಸಿತು. ಇದರಲ್ಲಿ ಯಂತ್ರ ಬಳಸಿ ಮರ ಹತ್ತುವುದನ್ನು ಕಲಿಸುತ್ತಾರೆ, ಮಹಿಳೆಯರೂ ಕಲಿತಿದ್ದಾರೆ. ಮರ ಹತ್ತುವವರಿಗಾಗಿ ಮಂಡಳಿಯ 'ಕೇರ ಸುರಕ್ಷಾ' ಎಂಬ ಅಪಘಾತ ವಿಮೆಯೂ ಇದೆ. ನಿಮ್ಮ ಊರಿನ ಮರ ಹತ್ತುವವರಿಗೆ ಇದನ್ನು ತಿಳಿಸಿ, ಅರ್ಜಿ ಹಾಕಲು ನೆರವಾಗಿ.

ಸಂಘವಾಗಿ ಏನು ಮಾಡಬಹುದು?

ಮರ ಅಗ್ಗವಾಗಿ ಹೋಗುವುದು ಕಷ್ಟ ಬಂದಾಗ. ಆಸ್ಪತ್ರೆ, ಫೀಸು, ಮದುವೆ. ಅಂಥ ಹೊತ್ತಿನಲ್ಲಿ ಸಂಘದ ಆಂತರಿಕ ಸಾಲ ಒಂದೆರಡು ತಿಂಗಳ ಉಸಿರು ಕೊಟ್ಟರೆ, ಆ ಸಹೋದರಿ ಮೂರು ಕಡೆ ದರ ಕೇಳಿ ನಿಧಾನವಾಗಿ ಮಾರಬಹುದು.

ಸಂಘದ ಪುಸ್ತಕದ ಕೊನೆಯ ಪುಟದಲ್ಲಿ ಊರಿನಲ್ಲಿ ಯಾವ ಮರ ಯಾವ ತಿಂಗಳು ಎಷ್ಟಕ್ಕೆ ಹೋಯಿತು ಎಂದು ಬರೆದಿಡಿ. ಮಾರುವಾಗ ಒಬ್ಬ ಸದಸ್ಯೆ ಜೊತೆಗಿರಲಿ. ಒಂದು ಚೀಟಿ ಬರೆಸಿ ಎರಡೂ ಕಡೆಯವರು ಸಹಿ ಹಾಕಲಿ. ಅದರಲ್ಲಿ ಯಾವ ಮರ, ಎಷ್ಟು ಬೆಲೆ, ಮುಂಗಡ ಎಷ್ಟು, ಯಾವ ದಿನದೊಳಗೆ ಕಡಿಯಬೇಕು, ಹೆಂಚು ಅಥವಾ ಅಡಿಕೆ ಗಿಡ ಹಾಳಾದರೆ ಯಾರು ಕೊಡಬೇಕು, ಗೆಲ್ಲು ಸೌದೆ ಯಾರಿಗೆ ಎಂಬುದೆಲ್ಲ ಇರಲಿ. ಬಾಕಿ ಹಣ ದಿಮ್ಮಿ ಲಾರಿ ಹತ್ತುವ ಮೊದಲು ಕೈಗೆ ಬರಲಿ.

ಒಂದು ಎಚ್ಚರಿಕೆ. ಸಂಘದ ಒಗ್ಗಟ್ಟು ವ್ಯಾಪಾರಿಯ ಎದುರು ಒಳ್ಳೆಯದು. ಅದೇ ಒಗ್ಗಟ್ಟಿನಿಂದ "ಊರಿನಲ್ಲಿ ಯಾರೂ ಇದಕ್ಕಿಂತ ಹೆಚ್ಚು ಕೊಡಬಾರದು" ಎಂದು ಮರ ಹತ್ತುವವರ ಕೂಲಿ ಇಳಿಸಿದರೆ, ನಮಗೆ ಆದ ಅನ್ಯಾಯವನ್ನೇ ನಾವು ಇನ್ನೊಬ್ಬರಿಗೆ ಮಾಡಿದ ಹಾಗೆ. ದರ ನಿಗದಿ ಮಾಡುವುದಿದ್ದರೆ ಅವರನ್ನೂ ಸಭೆಗೆ ಕರೆದು, ಕೂರಿಸಿ, ಮಾತಾಡಿ ಮಾಡಿ.

ಮುಂದಿನ ಸಭೆಯಲ್ಲಿ ಚರ್ಚಿಸಿ:

1. ಕಳೆದ ಎರಡು ವರ್ಷಗಳಲ್ಲಿ ನಮ್ಮ ಸದಸ್ಯರು ಮಾರಿದ ಮರಗಳಿಗೆ ನ್ಯಾಯವಾದ ಬೆಲೆ ಸಿಕ್ಕಿದೆಯೇ? ಅಳತೆ ಯಾರು ತೆಗೆದರು?
2. ನಮ್ಮ ಊರಿನ ಮರ ಹತ್ತುವವರಲ್ಲಿ ಎಷ್ಟು ಮಂದಿಗೆ ವಿಮೆ ಇದೆ?
3. ನಾವು ಮನೆ ಮನೆಗೆ ಹೋಗಿ ಮಾರುವಾಗ ಗಿರಾಕಿಗೆ ಅವಸರ ಮಾಡುತ್ತೇವೆಯೇ?

ಚರ್ಚೆಯಲ್ಲಿ ಬಂದ ವಿಷಯಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಮುಂದಿನ ಒಕ್ಕೂಟದ ಸಭೆಗೆ ತನ್ನಿ.