ಮದುವೆಯ ನಂತರದ ಅಡ್ಡಹೆಸರು: ಕಾಯ್ದೆಯ ಮಾತು, ಕಚೇರಿಯ ಮಾತು

ಕಳೆದ ವರ್ಷ ಹಲಕರ್ಣಿಯ ಮಗಳೊಬ್ಬರು ನನ್ನ ಕಚೇರಿಗೆ ಬಂದಿದ್ದರು. 1992ರಲ್ಲಿ ಅವರನ್ನು ಗಡಿಯಾಚೆ ಹುಕ್ಕೇರಿ ತಾಲೂಕಿನ ಹಳ್ಳಿಯೊಂದಕ್ಕೆ ಮದುವೆ ಮಾಡಿಕೊಡಲಾಗಿತ್ತು. ತಂದೆ ತೀರಿಕೊಂಡ ಮೇಲೆ ಹೊಲದ ಉತಾರಕ್ಕೆ ವಾರಸುದಾರರ ಹೆಸರು ಸೇರಿಸಬೇಕಿತ್ತು. ಅಣ್ಣತಮ್ಮಂದಿರ ತಕರಾರೇನೂ ಇರಲಿಲ್ಲ. ತಕರಾರು ಇದ್ದುದು ಕಾಗದಗಳದು. ಶಾಲೆ ಬಿಟ್ಟ ದಾಖಲೆಯಲ್ಲಿ ತಂದೆಯ ಹೆಸರು, ತವರಿನ ಅಡ್ಡಹೆಸರು. ಆಧಾರ ಕಾರ್ಡಿನಲ್ಲಿ ಗಂಡನ ಹೆಸರು, ಗಂಡನ ಮನೆತನದ ಅಡ್ಡಹೆಸರು. ರೇಶನ್ ಕಾರ್ಡಿನಲ್ಲಂತೂ ಹೆಸರೇ ಬೇರೆ, ಏಕೆಂದರೆ ಮದುವೆಯ ದಿನ ತಾಟಿನ ಅಕ್ಕಿಯಲ್ಲಿ ಬರೆದ ಹೊಸ ಹೆಸರು ಅಲ್ಲಿ ಸೇರಿಬಿಟ್ಟಿತ್ತು.

“ವಕೀಲಸಾಹೇಬ್ರ, ನಮ್ಮಪ್ಪನ ಮಗಳು ನಾನ ಅಂತ ಯಾರ ಮುಂದ ಸಾಬೀತ ಮಾಡ್ಲಿ?” ಎಂದು ಅವರು ಕೇಳಿದರು.

ಮದುವೆಯಾದ ಹೆಣ್ಣುಮಗಳು ಅಡ್ಡಹೆಸರು ಬದಲಿಸಬೇಕೇ ಬೇಡವೇ ಎಂಬ ಚರ್ಚೆಯನ್ನು ದೊಡ್ಡ ನಗರಗಳಲ್ಲಿ ಸ್ವಾಭಿಮಾನ ಮತ್ತು ಸಂಪ್ರದಾಯಗಳ ಜಗಳವೆಂಬಂತೆ ನಡೆಸುತ್ತಾರೆ. ಹಿರಣ್ಯಕೇಶಿಯ ಎರಡೂ ದಡಗಳಲ್ಲಿ ಬೀಗತನ ಬೆಳೆಸುವ ನಮ್ಮ ಗಡಿನಾಡಿನಲ್ಲಿ ಅದು ಮೊದಲು ಹೊಲದ ಪ್ರಶ್ನೆ.

ಕಾಯ್ದೆಯ ಮಾತು ಚಿಕ್ಕದು. ಹೆಂಡತಿಯು ಗಂಡನ ಅಡ್ಡಹೆಸರನ್ನು ಧರಿಸಬೇಕೆಂದು ಭಾರತದ ಯಾವ ಕಾಯ್ದೆಯೂ ಹೇಳುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಈ ವಿಷಯದ ಸುಳಿವೇ ಇಲ್ಲ. ಮಹಾರಾಷ್ಟ್ರದ 1998ರ ಕಾಯ್ದೆಯ ಮೇರೆಗೆ ಸಿಗುವ ವಿವಾಹ ನೋಂದಣಿ ಪತ್ರವು ಮದುವೆಯಾದುದಕ್ಕೆ ಸಾಕ್ಷಿಯೇ ಹೊರತು ತಾನಾಗಿ ಯಾರ ಹೆಸರನ್ನೂ ಬದಲಿಸುವುದಿಲ್ಲ. ಪಾಸ್‌ಪೋರ್ಟಿಗೂ ಹೆಸರು ಬದಲಿಸುವ ಅಗತ್ಯವಿಲ್ಲ. ಪತ್ನಿಯು ಗಂಡನ ಹೆಸರಿನಿಂದಲೇ ದಾವೆ ಹೂಡಬೇಕೆಂದು ಒತ್ತಾಯಿಸಕೂಡದು ಎಂದು ಮುಂಬಯಿ ಹೈಕೋರ್ಟು ಕುಟುಂಬ ನ್ಯಾಯಾಲಯಗಳ ನಿಯಮಗಳಿಗೆ ಹತ್ತು ವರ್ಷಕ್ಕೂ ಹಿಂದೆಯೇ ತಿದ್ದುಪಡಿ ತಂದಿದೆ. ಜಪಾನಿನಂಥ ಮುಂದುವರಿದ ದೇಶದಲ್ಲಿ ಗಂಡಹೆಂಡಿರಿಗೆ ಒಂದೇ ಅಡ್ಡಹೆಸರು ಇರಲೇಬೇಕೆಂಬ ಕಾಯ್ದೆಯಿದ್ದು, ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅದನ್ನು 2015ರಲ್ಲಿಯೂ 2021ರಲ್ಲಿಯೂ ಎತ್ತಿಹಿಡಿಯಿತು. ಈ ಒಂದು ವಿಷಯದಲ್ಲಿ ನಮ್ಮ ಕಾಯ್ದೆಯೇ ಉದಾರವಾದುದು.

ಹಾಗಾದರೆ ಒತ್ತಾಯ ಎಲ್ಲಿಂದ ಬರುತ್ತದೆ? ಅರ್ಧ ರೂಢಿಯಿಂದ, ಉಳಿದರ್ಧ ಕಚೇರಿಯ ಮೇಜಿನಿಂದ. ರೂಢಿಯೂ ನಾವು ತಿಳಿದಷ್ಟು ಹಳೆಯದಲ್ಲ. ಹಳೆಯ ಕಂದಾಯ ಕಾಗದಗಳಲ್ಲಿ ಗಂಡಸಿಗೆ ‘ಬಿನ್’, ಹೆಂಗಸಿಗೆ ‘ಕೋಂ’ ಎಂದಿರುತ್ತಿತ್ತು. ಇಂಥವನ ಮಗ, ಇಂಥವನ ಹೆಂಡತಿ ಎಂದಷ್ಟೇ ಅರ್ಥ. ಇನ್ನೂ ಹಿಂದೆ ಹೋದರೆ ಶರಣೆಯರ ಹೆಸರುಗಳಲ್ಲಿ ಎರಡು ಬಗೆಯೂ ಕಾಣುತ್ತವೆ. ಮೋಳಿಗೆ ಮಹಾದೇವಿ ಗಂಡನ ಕಾಯಕದಿಂದ ಗುರುತಾದರೆ, ಕದಿರ ರೆಮ್ಮವ್ವೆ ತನ್ನ ಕೈಯ ಕದಿರಿನಿಂದ, ಕೊಟ್ಟಣದ ಸೋಮವ್ವೆ ತಾನು ಕುಟ್ಟಿದ ಕೊಟ್ಟಣದಿಂದ ಹೆಸರಾದರು. ನಮ್ಮ ಕಾಲಕ್ಕೆ ಹತ್ತಿರವಾಗಿ ನೋಡುವುದಾದರೆ, ಗಂಗೂಬಾಯಿ ಹಾನಗಲ್ಲರ ಪತಿ ಗುರುರಾವ್ ಕೌಲಗಿಯವರು. ಆದರೂ ಲೋಕವು ಅವರನ್ನು ಹಾನಗಲ್ಲ ಎಂದೇ ಅರಿತಿತು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಗಂಡನ ಮನೆತನದ ಹೆಸರಿನಿಂದಲೇ ಬರೆದು, 1974ರ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಒಬ್ಬರ ಗೌರವ ಹೆಚ್ಚಲಿಲ್ಲ, ಇನ್ನೊಬ್ಬರದು ಕಡಿಮೆಯಾಗಲಿಲ್ಲ.

ಆದುದರಿಂದ ಗಂಡನ ಅಡ್ಡಹೆಸರು ಧರಿಸಿದವರನ್ನು ಹಿಂದುಳಿದವರೆನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯವರಿಗೆಲ್ಲ ಒಂದೇ ಹೆಸರಿರಲಿ ಎಂದು ಬಯಸುವುದು ತಪ್ಪಲ್ಲ. ನನ್ನ ಪ್ರಶ್ನೆ ಬೇರೆ: ಆಕೆಯನ್ನು ಯಾರಾದರೂ ಕೇಳಿದರೇ? ನನ್ನ ಮದುವೆಯಾದ ವರ್ಷ ಪತ್ನಿಯ ಬ್ಯಾಂಕು ಖಾತೆಯ ಅರ್ಜಿಯನ್ನು ತುಂಬಿದವನು ನಾನೇ. ಹೆಸರಿನ ಸಾಲಿನಲ್ಲಿ ನನ್ನ ಅಡ್ಡಹೆಸರು ಬರೆದು, ಸಹಿಗೆಂದು ಅವಳ ಮುಂದೆ ಇಟ್ಟೆ. ಆಗ ನಾನು ಎಲ್‌ಎಲ್‌ಬಿ ಮುಗಿಸಿ ಸನದು ಪಡೆದಿದ್ದವನು. ಕಾಯ್ದೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕೇಳಬೇಕೆಂದು ತೋಚಿರಲಿಲ್ಲ, ಅಷ್ಟೇ.

ಈಗ ಹೊಲದ ಮಾತಿಗೆ ಬರೋಣ. ಮಹಾರಾಷ್ಟ್ರವು 1994ರ ಜೂನ್ 22ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 1992ರಲ್ಲಿ ಮದುವೆಯಾದ ನಮ್ಮ ಹಲಕರ್ಣಿಯ ಅಕ್ಕನವರು ಹೀಗೆ ಎರಡು ವರ್ಷಗಳ ಅಂತರದಲ್ಲಿ ಹೊರಗುಳಿದರು. ಕೇಂದ್ರದ ತಿದ್ದುಪಡಿಯು 2005ರ ಸೆಪ್ಟೆಂಬರ್ 9ರಿಂದ ಆ ಗೋಡೆಯನ್ನು ಕೆಡವಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸುಪ್ರೀಂ ಕೋರ್ಟು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹುಟ್ಟಿನಿಂದ ಬಂದ ಹಕ್ಕು ಅಡ್ಡಹೆಸರು ಬದಲಾದರೆ ಹೋಗುವುದಿಲ್ಲ. ಆದರೆ ಹಕ್ಕು ಇರುವುದು ಬೇರೆ, ಹಕ್ಕಿನವಳು ತಾನೇ ಎಂದು ತೋರಿಸುವುದು ಬೇರೆ. ಕರ್ನಾಟಕದ ಆಧಾರ, ಮಹಾರಾಷ್ಟ್ರದ ಶಾಲಾ ದಾಖಲೆ, ಒಂದು ಕನ್ನಡದಲ್ಲಿ, ಇನ್ನೊಂದು ಮರಾಠಿಯಲ್ಲಿ. ಅಲ್ಲಿಯ ಗಂಗವ್ವ ಇಲ್ಲಿ ಗಂಗೂಬಾಯಿ. ಇಂಥ ಗೊಂದಲದಲ್ಲಿ “ಯಾಕವ್ವಾ ತ್ರಾಸು, ಹಕ್ಕಸೋಡ ಪತ್ರಕ್ಕ ಸಹಿ ಮಾಡಿಬಿಡು” ಎಂಬ ಸಲಹೆ ಬಹಳ ಬೇಗ ಬರುತ್ತದೆ. ಮನಸ್ಸಿನಿಂದ ಪಾಲು ಬಿಟ್ಟುಕೊಡುವ ಅಕ್ಕತಂಗಿಯರಿದ್ದಾರೆ. ಕಾಗದ ಹೊಂದದೆ ಬೇಸತ್ತು ಬಿಟ್ಟವರನ್ನೂ ನಾನು ಕಂಡಿದ್ದೇನೆ.

ಸರಕಾರಕ್ಕೂ ಇದು ತಿಳಿಯದ ಸಂಗತಿಯಲ್ಲ. 2024ರ ಮೇ 1ರಂದು ಮತ್ತು ಅನಂತರ ಹುಟ್ಟಿದ ಮಕ್ಕಳ ಹೆಸರಿನ ಮುಂದೆ ತಾಯಿಯ ಹೆಸರು, ಬಳಿಕ ತಂದೆಯ ಹೆಸರು ಮತ್ತು ಅಡ್ಡಹೆಸರು ಬರೆಯಬೇಕೆಂದು ಮಹಾರಾಷ್ಟ್ರ ಸರಕಾರ ನಿರ್ಣಯಿಸಿತು. ಪತ್ರಿಕೆಗಳೆಲ್ಲ ಅದನ್ನು ಹೊಗಳಿದವು. ಅದೇ ನಿರ್ಣಯದ ಇನ್ನೆರಡು ಮಾತುಗಳು ಹೆಚ್ಚು ಜನರಿಗೆ ಮುಟ್ಟಲಿಲ್ಲ. ವಿವಾಹಿತ ಸ್ತ್ರೀಯ ಹೆಸರಿನ ಮುಂದೆ ಗಂಡನ ಹೆಸರು ಮತ್ತು ಅಡ್ಡಹೆಸರು ಬರೆಯುವ ಪದ್ಧತಿ ಮುಂದುವರಿಯುತ್ತದೆ ಎಂಬುದು ಒಂದು. ಆಸ್ತಿಯ ದಸ್ತಾವೇಜುಗಳಲ್ಲಿ ಮದುವೆಗೆ ಮುಂಚಿನ ಹೆಸರನ್ನು ನಮೂದಿಸುವ ಅವಕಾಶ ಆಕೆಗಿದೆ ಎಂಬುದು ಇನ್ನೊಂದು. ಮಗುವಿನ ಹೆಸರಿನಲ್ಲಿ ತಾಯಿಗೆ ಸ್ಥಾನ ಕೊಟ್ಟವರು ತಾಯಿಯ ಹೆಸರನ್ನು ಮಾತ್ರ ಹಳೆಯ ಪದ್ಧತಿಗೇ ಬಿಟ್ಟರು. ಆದರೂ ಎರಡನೆಯ ಮಾತು ನಮಗೆ ಬಹಳ ಉಪಯೋಗದ್ದು. ತಲಾಠಿ ಕಚೇರಿಗೆ ಹೋಗುವಾಗ ನಿರ್ಣಯದ ಒಂದು ಪ್ರತಿ ಜೊತೆಗಿರಲಿ.

ನನ್ನ ಬಳಿ ಬರುವ ಹೆಣ್ಣುಮಕ್ಕಳ ತಂದೆತಾಯಿಗಳಿಗೆ ನಾನು ಹೇಳುವುದು ಇಷ್ಟು. ತವರಿನ ಹೆಸರು ಉಳಿಸಿಕೊಳ್ಳುವುದಾದರೆ ಎಲ್ಲ ಕಡೆಯೂ ಉಳಿಸಿಕೊಳ್ಳಲಿ. ಬದಲಿಸುವುದಾದರೆ ವಿವಾಹ ನೋಂದಣಿ ಮಾಡಿಸಿ, ರಾಜಪತ್ರದಲ್ಲಿ ಪ್ರಕಟಿಸಿ, ಆಧಾರ, ಪ್ಯಾನ್, ಬ್ಯಾಂಕು ಎಲ್ಲವನ್ನೂ ಒಟ್ಟಿಗೆ ಬದಲಿಸಲಿ. ಶಾಲೆಯ ದಾಖಲೆ ಮತ್ತು ರಾಜಪತ್ರದ ಪ್ರತಿ ತಿಜೋರಿಯಲ್ಲಿ ಒಡವೆಯ ಜೊತೆಗಿರಲಿ. ಅರ್ಧ ಬದಲಿಸಿ ಅರ್ಧ ಬಿಡುವುದೇ ಎಲ್ಲಕ್ಕಿಂತ ಕೆಟ್ಟದ್ದು. ಇನ್ನು ಅಕ್ಕಿಯ ತಾಟಿನಲ್ಲಿ ಬರೆದ ಹೆಸರು ಮನೆಯೊಳಗೇ ಇರಲಿ. ಒಡಪು ಹಾಕಿ ಗಂಡನ ಹೆಸರು ಹೇಳುವ ಸಂಭ್ರಮಕ್ಕೆ ರೇಶನ್ ಕಾರ್ಡು ಬೇಕಾಗಿಲ್ಲ.

ಹಲಕರ್ಣಿಯ ಅಕ್ಕನವರ ಕೆಲಸಕ್ಕೆ ಎರಡು ಪ್ರತಿಜ್ಞಾಪತ್ರ, ಊರ ಹಿರಿಯರ ಜಬಾಬು ಮತ್ತು ಏಳು ತಿಂಗಳು ಬೇಕಾದವು. ಕೊನೆಗೆ ಉತಾರದಲ್ಲಿ ತವರಿನ ಪೂರ್ಣ ಹೆಸರು, ‘ಊರ್ಫ’ ಎಂದು ಗಂಡನ ಮನೆಯ ಹೆಸರು, ಎರಡೂ ಬಂದವು. ಮರಾಠಿ ಅಕ್ಷರಗಳನ್ನು ಬೆರಳಿಟ್ಟು ಓದಿದ ಅವರು ತಂದೆಯ ಹೆಸರಿನ ಬಳಿ ತುಸು ಹೊತ್ತು ನಿಂತರು. ಬರುವ ವೈಶಾಖದಲ್ಲಿ ಅವರ ಮಗಳ ಮದುವೆಯಂತೆ. ಹುಡುಗಿಯ ಹೆಸರು ಏನಿರಬೇಕೆಂದು ಹುಡುಗಿಯನ್ನೇ ಕೇಳಿ, ಬೀಗರಿಗೆ ಈಗಾಗಲೇ ತಿಳಿಸಿದ್ದಾರಂತೆ.